ಈ ಗಡಿಗೆ ಯಾವ ಗಡಿಗೆ?

ಆಗಸ್ಟ್ ೪

ವೈ.ಎನ್.ಹೊಸಕೋಟೆಯ ಅತ್ತೆ ಮನೆಗೆ ಬಂದಿಳಿದೆವು. ಹೆಂಡತಿ ಗಗನಾಳಿಗೆ ಪಾವಗಡದ ಸೋಲಾರ್ ಪಾರ್ಕಿಗೆ ವರ್ಗವಾಗಿದೆ. ನನಗೆ ಮಧುಗಿರಿ ಕಾಲೇಜಿನ ಅತಿಥಿ ಉಪನ್ಯಾಸಕನ ಕೆಲಸ ಈ ವರ್ಷ ತಪ್ಪಿದೆ. ಅತಿಥಿ ಎಂದಮೇಲೆ ಒಂದು ದಿನ ಎದ್ದು ಹೋಗಲೇಬೇಕಲ್ಲ. ಅಲ್ಲಿ ಅತಿಥಿಯಾಗಿದ್ದವನು ಇಲ್ಲಿ ಅಳಿಯನಾದೆ. ಎರಡು ಹುದ್ದೆಯಲ್ಲೂ ಸಂಬಳ ಖಚಿತವಿಲ್ಲ. ಇಲ್ಲಿ ಊಟವಾದರೂ ಖಚಿತ.

ಮಾವ ಶಂಕರಲಿಂಗಪ್ಪನವರು ಜಗುಲಿಯ ಕುರ್ಚಿಯಿಂದ ಏಳದೆಯೇ ಸ್ವಾಗತಿಸಿದರು. "ಬನ್ನಿ ಅಳಿಯಂದ್ರೇ. ಮದ್ಗಿರೀಲಿ ಮಧು ಮುಗೀತಾ?"

"ಮುಗೀತು ಮಾವ. ಬರೀ ಗಿರಿ ಉಳೀತು, ಬಿಟ್ಟು ಬಂದೆ."

ಕೊರಟಗೆರೆಯ ಒಂದು ಖಾಸಗಿ ಕಾಲೇಜಿಗೆ ಇತಿಹಾಸದವರು ಬೇಕಾಗಬಹುದಂತೆ. ಆದ್ದರಿಂದ ಸೂಟ್‌ಕೇಸ್ ಬಿಚ್ಚಿಲ್ಲ. ಬೇಕಾದ ಅಂಗಿಯನ್ನು ಸಂದಿಯಿಂದ ಎಳೆದುಕೊಂಡರಾಯಿತು. ಬಿಚ್ಚಿದವನು ಮನೆಯಳಿಯ; ಬಿಚ್ಚದವನು ಬರೀ ಬಂದ ಅಳಿಯ. ಶಾಸ್ತ್ರದಲ್ಲಿ ಇಲ್ಲದಿದ್ದರೂ ನನ್ನ ಮಟ್ಟಿಗೆ ಇದು ಶಾಸ್ತ್ರ.

ಪಾವಗಡ ಸೀಮೆಯ ಬಗ್ಗೆ ಮೊದಲ ಅಭಿಪ್ರಾಯ: ಹೆಸರಲ್ಲೇ ಪಾವು, ಯಾವುದೂ ಸೇರಿನಷ್ಟು ಸಿಗುವುದಿಲ್ಲ. ಮಳೆ ಪಾವು, ನೆರಳು ಪಾವು, ಬಸ್ಸು ಅರೆಪಾವು. ಮೂರು ಕಡೆ ಆಂಧ್ರ ಇರುವುದರಿಂದ ಮಾತಿನಲ್ಲಿ ತೆಲುಗು ಮಾತ್ರ ಧಾರಾಳ. ಪ್ರತಿ ವಾಕ್ಯದ ಕೊನೆಗೆ 'ಅಲ್ಲವೇ' ಎಂಬ ಅರ್ಥದಲ್ಲಿ 'ಕದಾ' ಎನ್ನುತ್ತಾರೆ. ನಾನು ಪ್ರತಿ ಸಲವೂ ಬಾಗಿಲ ಕಡೆ ತಿರುಗಿ ಯಾವ ಕದ ಎಂದು ನೋಡುತ್ತೇನೆ.

ಅಡಿಗೆಮನೆಯ ತಿರುವಿನಲ್ಲಿ ಸೊಂಟದೆತ್ತರದ ಹಳೆಯ ಮಣ್ಣಿನ ಗಡಿಗೆಯೊಂದಿದೆ. ಮಂಡಿಗೆ ಬಡಿಯಿತು.

ಆಗಸ್ಟ್ ೧೧

ಅದೇ ಗಡಿಗೆ, ಅದೇ ಮಂಡಿ. "ನೋಡ್ಕಂಡು ಓಡಾಡಿ ಅಳಿಯಂದ್ರೇ" ಎಂದು ಅತ್ತೆ ಓಡಿ ಬಂದರು. ಬಂದವರು ಗಡಿಗೆಯನ್ನು ಸವರಿದರು. ನನ್ನ ಮಂಡಿಯನ್ನು ಯಾರೂ ಸವರಲಿಲ್ಲ.

ಅತ್ತೆ ಚನ್ನಮಲ್ಲಮ್ಮ ಮಧುಗಿರಿ ಕಡೆಯವರು. ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿಯ ಭಾಷೆ ತಿಳಿಯದೆ, ಪಪ್ಪು ಎಂದು ಬೇಳೆ ಕೇಳಿದರೆ ಉಪ್ಪು ಕೊಡುತ್ತಿದ್ದರಂತೆ. ತವರಿನ ನೆನಪಾಗಿ ಮೂಲೆಯಲ್ಲಿ ಕೂತು ಅಳುತ್ತಿದ್ದರಂತೆ. ಒಂದು ದಿನ ಅವರ ಅತ್ತೆ ಕೈಹಿಡಿದು ಈ ಗಡಿಗೆಯ ಹತ್ತಿರ ಕರೆದುಕೊಂಡು ಹೋದರಂತೆ.

"'ಅಳಾದು ಬುಡು, ಇದ್ರೊಳೀಕೆ ತಲೆ ಹಾಕಿ ನಿನ್ ತವ್ರೂರ್ನ ಕೂಗು' ಅಂದ್ರು. ನಾನು ಮದ್ಗಿರೀ ಅಂತ ಕೂಗ್ದೆ. ಒಳಗಿಂದ 'ಗಿರೀ' ಅಂತು ನೋಡಿ! ಯಾರೋ ನಮ್ಮೂರೋರು ಒಳಗವ್ರೆ ಅನ್ನಂಗಾಯ್ತು. ದಿನಾ ಒಂದ್ಸಲ ಕೂಗ್ತಿದ್ದೆ. ಆಮ್ಯಾಕೆ ವಾರಕ್ಕೊಂದ್ಸಲ. ಆಮ್ಯಾಕೆ ಮರೆತೇ ಹೋಯ್ತು."

ಈಗ ಅದರಲ್ಲಿ ಬಿತ್ತನೆ ಕಡ್ಲೆಕಾಯಿ ಇಡುತ್ತಾರೆ. ಬಿತ್ತನೆ ಮುಗಿದು ಖಾಲಿಯಿದ್ದಾಗ ಒರೆಸಿ ಇಡುತ್ತಾರೆ. ಅವರು ಹೇಳುವಾಗ ನಗುತ್ತಲೇ ಇದ್ದರು, ಕೈ ಮಾತ್ರ ಗಡಿಗೆಯ ಬಾಯಿಯ ಮೇಲಿತ್ತು.

ಆಗಸ್ಟ್ ೧೯

ಕರೆಂಟಿಲ್ಲ. ಹೆಂಡತಿ ಬಿಸಿಲು ಹಿಡಿದು ರಾಜ್ಯಕ್ಕೆಲ್ಲ ಹಂಚುತ್ತಾಳೆ. ಗಂಡ ಬೀಸಣಿಗೆ ಹಿಡಿದಿದ್ದಾನೆ. ಕೊರಟಗೆರೆಯಿಂದ ಸುದ್ದಿಯಿಲ್ಲ.

ಸೆಪ್ಟೆಂಬರ್ ೧

ಗಡಿಗೆಗೆ ಗಡಿತಂಟೆ ಬಂದಿದೆ.

ತಿಪ್ಪೇಶ್ ಎಂಬ ದಾಯಾದಿ ಬಂದಿದ್ದ. ಮಾವನಿಗೆ ತಮ್ಮನಾಗಬೇಕು, ನಲವತ್ತರ ಆಸುಪಾಸು. ಅವನ ಊರು ಇಲ್ಲಿಂದ ನಾಲ್ಕು ಹೊಲ ದಾಟಿದರೆ ಸಿಗುತ್ತದೆ, ಆದರೆ ಆ ನಾಲ್ಕು ಹೊಲದ ನಡುವೆ ರಾಜ್ಯ ಮುಗಿದುಹೋಗುತ್ತದೆ. ಹೊಸ ಮನೆ ಕಟ್ಟಿಸಿದ್ದಾನೆ. ಅಂಗಳದಲ್ಲಿ ಹಳೇಕಾಲದ ಸಾಮಾನು ಇಟ್ಟರೆ ಲುಕ್ ಬರುತ್ತದೆಂದು ಯಾರೋ ಹೇಳಿದ್ದಾರೆ. ಆಗ ಅವನ ತಾಯಿ, "ನಮ್ಮ ಕಾಗು ಹೊಸಕೋಟೆಯಲ್ಲಿದೆಯಲ್ಲ" ಅಂದಿದ್ದಾರೆ. ಆ ಕಡೆ ಇಂಥ ದೊಡ್ಡ ಗಡಿಗೆಗೆ ಕಾಗು ಎನ್ನುತ್ತಾರೆ.

"ಅದಿ ಮಾದಿ ಕದಾ ವದಿನಾ," ಎಂದ ಅತ್ತೆಗೆ, ಅದು ನಮ್ಮದಲ್ಲವೇ ಅತ್ತಿಗೆ ಎಂದು. "ನಮ್ ಅಜ್ಜಿ ಕಾಲದಾಗೆ ನಿಮ್ಮ ಮನೆಗೆ ಎರವಲು ಕೊಟ್ಟಿದ್ದು. ತಗಂಡೋತೀನಿ."

ನಾನು ಅತ್ತೆಯ ಮುಖ ನೋಡಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಸೆರಗಿನಿಂದ ಒರೆಸಿದ್ದ ಲೋಟವನ್ನೇ ಮತ್ತೆ ಒರೆಸಿದರು.

"ಇದು ಆ ಕಡೇದು ಅಂತ ಏನ್ ಗ್ಯಾರಂಟಿನಪ್ಪ? ಮದ್ಗಿರಿ ಕಡೇದೂ ಇರ್ಬೋದು. ನಮ್ ಅಳಿಯಂದ್ರು ಇದನ್ನೇ ಓದವ್ರೆ. ಮಡಕೆ ಚೂರು ನೋಡಿ ಯಾವ ಸೀಮೇದು ಅಂತ ಯೋಳ್ತಾರೆ. ಅವ್ರು ಯೋಳ್ದಂಗೆ ಆಗ್ಲಿ," ಎಂದರು ಅತ್ತೆ.

ಮಾವ ಕುರ್ಚಿಯಿಂದಲೇ ಸಭೆಯ ವಿಷಯ ಮಂಡಿಸಿದರು. "ಅಂದ್ರೆ ಪ್ರಶ್ನೆ ಇಷ್ಟೇ ಅಳಿಯಂದ್ರೇ. ಈ ಗಡಿಗೆ ಯಾವ ಗಡಿಗೆ?"

ಆಹಾ! ಇದು ನನಗೆ ಹೊಳೆಯಬೇಕಿತ್ತು. ಎಂ.ಎ. ಮಾಡಿದವನು ನಾನು, ಶ್ಲೇಷೆ ಮಾಡಿದವರು ಅವರು. ಈ ಹೊಟ್ಟೆಕಿಚ್ಚಿನಲ್ಲಿ ನ್ಯಾಯ ಹೇಳಲು ಒಪ್ಪಿಕೊಂಡುಬಿಟ್ಟೆ. ತಿಪ್ಪೇಶ್ ತಿಂಗಳ ಗಡುವು ಕೊಟ್ಟು ಹೋದ. ಆಮೇಲೆ ಅತ್ತೆ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬಡಿಸಿದರು. ನ್ಯಾಯಾಧೀಶರಿಗೆ ತುಪ್ಪ ಬಡಿಸುವುದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ. ತಿಂದೆ.

ಸೆಪ್ಟೆಂಬರ್ ೩

ಇಡೀ ಬೆಳಗ್ಗೆ ಗಡಿಗೆಯ ಮುಂದೆ ಕೂತಿದ್ದೆ. ಒದ್ದೆ ಬಟ್ಟೆ, ಭೂತಗನ್ನಡಿ, ಟಾರ್ಚು.

ಮಣ್ಣು ಒರಟು, ಬೆಳಕು ಬಿಟ್ಟರೆ ಕಾಗೆಬಂಗಾರ ಮಿಣಮಿಣ ಎನ್ನುತ್ತದೆ. ಕಾಗಿನಲ್ಲಿ ಕಾಗೆಬಂಗಾರ! (ಇದನ್ನು ಮಾವನಿಗೆ ಹೇಳಬೇಕು.) ಇಲ್ಲಿಯ ಬೆಟ್ಟಗಳ ಬುಡದ ಮಣ್ಣು ಹೀಗೇ ಇರುತ್ತದೆ. ಆದರೆ ಬೆಟ್ಟಗಳು ಯಾವ ರಾಜ್ಯವೆಂದು ಕೇಳಿ ಕೂತಿಲ್ಲ. ಭುಜದ ಸುತ್ತ ಹಗ್ಗ ಒತ್ತಿದಂಥ ಪಟ್ಟಿ ಇದೆ. ಅಂಥದ್ದನ್ನು ಗಡಿಯಾಚೆಯ ಮನೆಗಳಲ್ಲಿ ನೋಡಿದ್ದೇನೆ. ಬಾಯಿ ಮಾತ್ರ ಹೊರಕ್ಕೆ ಮಡಿಚಿದ ದಪ್ಪ ತುಟಿ. ಅದು ಶಿರಾದ ಹಳೆಯ ಬೀದಿಗಳಲ್ಲಿ ಕಾಣುವ ಬಗೆ. ಮಧುಗಿರಿಯ ಕುರುಹು ಎಲ್ಲೂ ಇಲ್ಲ.

"ಒಂದು ಚೂರು ಒಡೆದು ಅಂಚು ನೋಡಿದರೆ ಖಚಿತವಾಗಿ ಹೇಳಬಹುದು ಅತ್ತೆ," ಎಂದೆ.

"ನಿಮ್ ಮಂಡಿ ಒಡ್ದು ನೋಡಿದ್ರೆ ನೀವು ಯಾವೂರೋರು ಅಂತ ಗೊತ್ತಾಯ್ತದಾ?"

ಇಲ್ಲ ಎಂದು ಒಪ್ಪಿಕೊಂಡೆ. ಶಿರಾಕ್ಕೆ ಹೋಗಿ ಇನ್ನೊಬ್ಬರನ್ನು ಕೇಳುತ್ತೇನೆ. ಮಧುಗಿರಿಯ ಕುರುಹಿಲ್ಲ ಎಂಬುದನ್ನು ಅತ್ತೆಗೆ ಇನ್ನೂ ಹೇಳಿಲ್ಲ. ಅವರೂ ಕೇಳಲಿಲ್ಲ.

ಸೆಪ್ಟೆಂಬರ್ ೧೫

ಶಿರಾಕ್ಕೆ ಹೋಗಿ ಶಿರಬಾಗಿ ಬಂದೆ.

ಅಹಮದ್ ಷರೀಫ್ ಸಾಹೇಬರದು ಹಳೆಯ ಸಾಮಾನಿನ ಅಂಗಡಿ. ಎಂ.ಎ. ಓದುವಾಗ ಮಡಕೆ ಚೂರು ಹುಡುಕಿಕೊಂಡು ಅಲೆಯುತ್ತಿದ್ದ ನನಗೆ ಚಹಾ ಕೊಟ್ಟು ಸಾಕಿದವರು. ನನ್ನೂರು ಬರಗೂರು ಶಿರಾ ತಾಲ್ಲೂಕೇ ಆದ್ದರಿಂದ ನಮ್ಮೂರ ಹುಡುಗ ಎಂಬ ಸಲುಗೆ. ಫೋನಿನಲ್ಲಿ ಫೋಟೊ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಬಾಯಿ ನಮ್ದು ಮೇಷ್ಟ್ರೇ, ಖಸಮ್, ಆಣೆಗೂ. ಹೊಟ್ಟೆ ನಮ್ದಲ್ಲ. ಆ ಕಡೆ ಮಣ್ಣು."

"ಬಾಯಿ ಶಿರಾದ್ದು, ಹೊಟ್ಟೆ ಹೊಸಕೋಟೆಯದು ಅಂತೀರಾ?"

"ಹ್ಞೂಂ. ನಿಮ್ ಥರಾನೇ."

ಒಳಗಿನಿಂದ ಅವರ ಹೆಂಡತಿ ಜಮೀಲಾ ಆಪಾ ನಕ್ಕಿದ್ದು ಕೇಳಿಸಿತು.

ನಾನು ಗಂಭೀರವಾಗಿ ಇತಿಹಾಸ ತೆಗೆದೆ. ಶಿರಾ ಬಿಜಾಪುರದವರ ಕೈಯಲ್ಲಿತ್ತು, ಮೊಗಲರ ಸುಬಾ ಆಯಿತು, ಮರಾಠರು ಬಂದರು, ಹೈದರನ ಪಾಲಾಯಿತು; ಅತ್ತ ಮಧುಗಿರಿ, ಪಾವಗಡದ ಪಾಳೆಯಗಾರರು. ಇಷ್ಟರಲ್ಲಿ ಈ ಗಡಿಗೆ ಯಾರ ಕಾಲದಲ್ಲಿ, ಯಾವ ಸೀಮೆಯಲ್ಲಿ?

"ಅರೇ, ಆವಾಗ ಗಡೀನೂ ಓಡಾಡ್ತಿತ್ತು, ಕುಂಬಾರನೂ ಓಡಾಡ್ತಿದ್ದ. ಇಬ್ರೂ ಎಲ್ಲೋ ಒಂದ್ಕಡೆ ಎದುರಾದ್ರು, ಆವಾಗ ಮಾಡಿದ್ದು ಇದು. ಶಿರಾ ಕೈ, ಅಲ್ಲಿ ಮಣ್ಣು. ಊರು ಅಂತ ಕೇಳಿದ್ರೆ ಏನ್ ಹೇಳೋದು? ರಾಸ್ತಾ ಅಂತ ಬರ್ಕೊಳ್ಳಿ."

ಗಡಿಗೆಯ ಊರು: ದಾರಿ. ಇದನ್ನು ಹೇಗೆ ತೀರ್ಪು ಎಂದು ಕೊಡುವುದು?

ಅತ್ತೆ ಅವರಿಗೆಂದು ಕಡ್ಲೆಕಾಯಿ ಚಟ್ನಿಪುಡಿ ಕಳಿಸಿದ್ದರು. ಹೊರಡುವಾಗ ಜಮೀಲಾ ಆಪಾ ಅದೇ ಡಬ್ಬಿ ತಂದುಕೊಟ್ಟರು, ತುಂಬಾ ಖರ್ಜೂರ. ಯಾಕೆ ಇದೆಲ್ಲ ಎಂದೆ.

"ಖಾಲಿ ಡಬ್ಬಿ ವಾಪಸ್ ಕೊಡ್ತಾರಾ ಯಾರಾದ್ರೂ? ತೌಬಾ! ನಿಮ್ಮ ಸಾಸು, ನಿಮ್ಮ ಅತ್ತೆ, ಏನ್ ಅನ್ಕೋತಾರೆ?"

ಅತ್ತೆ ಡಬ್ಬಿ ತೆಗೆದು ನೋಡಿ, "ಮರ್ವಾದಸ್ತರು" ಎಂದರು. ಗಡಿಗೆಯ ವಿಷಯ ಕೇಳಿದರು. "ಶಿರಾದ ಬಾಯಿ, ಈ ಸೀಮೆಯ ಮಣ್ಣು ಅತ್ತೆ. ಮಧುಗಿರಿಯದಲ್ಲ," ಎಂದೆ. ಅವರು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಬೀಜ ಹೊರತೆಗೆದರು.

"ಅದುಕ್ಕೇನು, ಬುಡಿ" ಎಂದರು ಕೊನೆಗೆ.

ಸೆಪ್ಟೆಂಬರ್ ೨೪

ಕೊರಟಗೆರೆಯಿಂದ ಫೋನು. ಮುಂದಿನ ತಿಂಗಳು ಬಂದು ಕಾಣಿ ಎಂದಿದ್ದಾರೆ. ಗಗನಾ, "ಖುಷಿನಾ ರೀ?" ಎಂದಳು. ಖುಷಿಯೇ. ಆದರೆ ತಿಪ್ಪೇಶನ ಗಡುವು ಇದೇ ಹೊತ್ತಿಗೆ ಬರಬೇಕೇ?

ಅಕ್ಟೋಬರ್ ೬

ತೀರ್ಪಿನ ದಿನ. ತಿಪ್ಪೇಶನ ಜೊತೆ ಅವನ ತಾಯಿ ನಾಗರತ್ನಮ್ಮನವರೂ ಆಟೋದಲ್ಲಿ ಬಂದರು. ಹಲ್ಲಿಲ್ಲ, ಕಣ್ಣು ಮಾತ್ರ ಚುರುಕು. ಬಂದವರೇ ಗಡಿಗೆಯ ಪಕ್ಕ ಕೂತು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಟಣ್ ಎಂದಿತು.

"ಇನ್ನಾ ಗಟ್ಟಿಯಾಗೈತೆ, ನನ್ನಂಗೆ," ಎಂದರು. "ಚನ್ನಮಲ್ಲಮ್ಮ, ಇದು ನಮ್ಮನೇದು ಕಣಮ್ಮ. ನಿಮ್ಮತ್ತೆ ಮದುವೇಲಿ ಮಜ್ಜಿಗೆ ಮಾಡಾಕೆ ನಮ್ಮತ್ತೆ ಕೊಟ್ಟಿದ್ದು."

ನಾನು ಗಂಟಲು ಸರಿಮಾಡಿಕೊಂಡೆ. ಮಣ್ಣು, ಭುಜ, ಬಾಯಿ ಎಂದು ಮೂರು ಭಾಗದ ಉಪನ್ಯಾಸ ಸಿದ್ಧವಾಗಿತ್ತು. ಅಷ್ಟರಲ್ಲಿ ಅತ್ತೆಯೇ ಬಾಯಿಬಿಟ್ಟರು.

"ಊಂ ಕಣತ್ತೆ. ಕೊಟ್ಟಿದ್ದೇ. ನಮ್ಮತ್ತೆ ನಂಗೂ ಯೋಳಿದ್ರು."

ಮಾವ ಜಗುಲಿಯಿಂದ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಮತ್ತ್ಯಾಕೆ ವಾಪಸ್ ಕೊಡ್ಲಿಲ್ಲ ವದಿನಾ?" ಎಂದ ತಿಪ್ಪೇಶ್.

"ಖಾಲಿ ಕೊಡಾಕಾಯ್ತದಾ? ಎರವಲು ತಂದ ಪಾತ್ರೆ ಬರಿದು ಕಳಿಸ್ತಾರೇನಪ್ಪ? ಪಾವಿನ ಪಾತ್ರೆ ಆಗಿದ್ರೆ ಬೆಲ್ಲದ ಉಂಡೆ ಹಾಕಿ ಕೊಡಬೋದಿತ್ತು. ಈ ಪಾಟಿ ಗಡಿಗೆ ಏನಾಕಿ ತುಂಬ್ಸಾದು? ಬೆಳೆ ಚೆಂದಾಗಿ ಬಂದ ವರ್ಸ ಕೊಡಾನ ಅಂತ ನಮ್ಮತ್ತೆ ಇಟ್ಕಂಡ್ರು. ಬೆಳೆ ಬಂದ ವರ್ಸ ಮದ್ವೆ, ಮದ್ವೆ ಇಲ್ದ ವರ್ಸ ಬೆಳೆ ಇಲ್ಲ. ಅಂಗೇ ಉಳ್ಕಂತು."

ನಾನು ಇತಿಹಾಸದ ವಿದ್ಯಾರ್ಥಿ. ಒಂದು ವಸ್ತು ಗಡಿ ದಾಟಿ ಯಾಕೆ ಉಳಿಯಿತು ಎಂಬುದಕ್ಕೆ ಯುದ್ಧ, ಲೂಟಿ, ವಲಸೆ, ವ್ಯಾಪಾರ ಎಂದೆಲ್ಲ ಬರೆದಿದ್ದೇನೆ. ಮರ್ಯಾದೆಯಿಂದ ಉಳಿಯಿತು ಎಂದು ಎಲ್ಲೂ ಬರೆದಿರಲಿಲ್ಲ.

ಆದರೂ ಸಿದ್ಧಮಾಡಿದ ಉಪನ್ಯಾಸ ಬಿಡಲಾಗುತ್ತದೆಯೇ? ಹೇಳಿದೆ: ಇದನ್ನು ಮಾಡಿದ್ದು ಹೊಸಕೋಟೆಯವರೂ ಅಲ್ಲ, ಆಚೆಯವರೂ ಅಲ್ಲ, ಶಿರಾದ ಕೈ, ದಾರಿಯ ಮಣ್ಣು. ನಾಗರತ್ನಮ್ಮ ಬೊಚ್ಚುಬಾಯಿ ತೆರೆದು ನಕ್ಕರು.

"ನಿಜಾನೇ ಅಂತಾನೆ ನಿಮ್ಮಳಿಯ. ನಮ್ಮತ್ತೆಗೂ ಇದು ಯಾರೋ ಇಟ್ಟೋಗಿದ್ದೇ. ಶಿರಾ ಕಡೆಯಿಂದ ಬಂಡೀಲಿ ಬಂದೋರಂತೆ, ತಿರಗಿ ಬತ್ತೀವಿ ಅಂದೋರು ಬರ್ನೇ ಇಲ್ವಂತೆ."

ತಿಪ್ಪೇಶ್ ಹಣೆ ಚಚ್ಚಿಕೊಂಡ. "ಅಮ್ಮಾ! ನುವ್ವು ಊರುಕೋ!"

ಊರುಕೋ ಎಂದರೆ ತೆಲುಗಿನಲ್ಲಿ ಸುಮ್ಮನಿರು ಎಂದು. ನನಗೆ 'ಊರು ಕೋ, ಊರು ತಗೋ' ಎಂದು ಕೇಳಿಸಿತು. ಮಾವನಿಗೆ ಪಿಸುಗುಟ್ಟಿದೆ. ಅವರು ನಗು ತಡೆಯಲಾಗದೆ ಕೆಮ್ಮಿದರು. ಒಂದಕ್ಕೊಂದು ಸಮ.

ಅತ್ತೆ ಎದ್ದು ನಿಂತರು. "ಯಾರು ಮಾಡಿದ್ರೆ ಏನಂತೆ, ನಾವು ತಂದಿದ್ದು ನಿಮ್ಮನೆಯಿಂದ. ಈ ಸಲ ಕಡ್ಲೆಕಾಯಿ ಚೆಂದಾಗದೆ. ಕಿತ್ತ ಮೇಲೆ ತುಂಬ್ಸಿ ಕಳಿಸ್ತೀನಿ."

ಎಲ್ಲಿ ಮಾಡಿದ್ದು ಎಂದರೆ ಮಣ್ಣು ಹೇಳುತ್ತದೆ. ಯಾರದ್ದು ಎಂದರೆ, ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡೂ ಗಡಿಗೆ ಬಾಯಿಬಿಡುವುದಿಲ್ಲ. ಅತ್ತೆ ಬಿಡಬೇಕಾಯಿತು. ಅವರು ಸುಮ್ಮನಿದ್ದಿದ್ದರೆ ನನ್ನ ತೀರ್ಪಿನ ಮೇಲೆ ಗಡಿಗೆ ಇಲ್ಲೇ ಉಳಿಯುತ್ತಿತ್ತು. ಇವತ್ತು ತುಪ್ಪವನ್ನು ನಾನೇ ಅವರಿಗೆ ಬಡಿಸಿದೆ.

ಅಕ್ಟೋಬರ್ ೧೯

ಕೊರಟಗೆರೆಗೆ ಹೋಗಿಬಂದೆ. ಹೆಸರು ಕೊರತೆಗೆರೆ ಎಂಬಂತಿದ್ದರೂ ಕೊರತೆಯೇನಿಲ್ಲ. ಬಸ್ಸುಗಳು ಬೇಕಾದಷ್ಟು, ಕಾಲೇಜು ಚೆನ್ನಾಗಿದೆ. ಜನವರಿಯಿಂದ ಬನ್ನಿ ಎಂದರು. ಯೋಚಿಸಿ ಫೋನು ಮಾಡುತ್ತೇನೆ ಎಂದೆ. ಯೋಚಿಸುವುದಕ್ಕೆ ಏನಿತ್ತೋ ನೆನಪಿಲ್ಲ, ಬಸ್ಸು ಹೊರಡುತ್ತಿತ್ತು. ಅತ್ತೆಗೆ ಒಂದು ಗೊನೆ ಬಾಳೆಹಣ್ಣು ತಗೊಂಡೆ. ಖಾಲಿ ಕೈಯಲ್ಲಿ ಮನೆಗೆ ಹೋಗಲಾಗುತ್ತದೆಯೇ?

ನವೆಂಬರ್ ೧೦

ಹೊಲದಿಂದ ಬಂದ ಕಡ್ಲೆಕಾಯಿ ಅಂಗಳದಲ್ಲಿ ಒಣಗಿ ಗಲಗಲ ಎನ್ನುತ್ತಿದೆ. ನಾನೂ ಕಿತ್ತೆ, ಬಿಡಿಸಿದೆ, ಬೆರಳು ಬಿರಿದಿದೆ. ನನ್ನ ಬುಟ್ಟಿ ನೋಡಿ ಮಾವ ಹೇಳಿದರು, "ಪಾವು ಪಾವು ಕೂಡಿ ಸೇರು ಆಗ್ತದೆ ಅಳಿಯಂದ್ರೇ. ನೀವೂ ಅಂಗೇ ಸೇರ್ತಿದೀರ." ಒಳ್ಳೆಯ ಶ್ಲೇಷೆ. ಪಾವಿನ ಹಾಸ್ಯ ನನ್ನದಾಗಿತ್ತು. ಸೇರನ್ನು ಅವರು ಹೊಡೆದುಕೊಂಡರು.

ತುಂಬುವ ಮೊದಲು ಅತ್ತೆ ಗಡಿಗೆಯನ್ನು ಕೊನೆಯ ಸಲ ಒರೆಸಿದರು. ಆಮೇಲೆ ಸುತ್ತ ನೋಡಿದರು. ಗಗನಾ ಗೋಣಿಚೀಲ ಕೊಡವತೊಡಗಿದಳು, ಮಾವನಿಗೆ ಒಮ್ಮೆಲೇ ಪೇಪರಿನಲ್ಲಿ ಏನೋ ಸಿಕ್ಕಿತು, ನಾನು ಬಾಗಿಲ ಕಡೆ ತಿರುಗಿದೆ.

"ಮದ್ಗಿರೀ..."

"...ಗಿರೀ" ಎಂದಿತು ಗಡಿಗೆ.

ಆಮೇಲೆ ಕಡ್ಲೆಕಾಯಿ ಸುರಿದೆವು. ಕುತ್ತಿಗೆಯ ಮಟ್ಟಕ್ಕೆ ಬಂದಾಗ ನಾನು ಸಾಕು ಎಂದೆ. "ಬಾಯಿಗಂಟ ತುಂಬ್ಲಿ," ಎಂದರು ಅತ್ತೆ. "ಇಷ್ಟು ವರ್ಸ ಕಾಯ್ಸಿದೀವಿ." ಹುಲ್ಲು ಸುತ್ತಿ, ನಾಲ್ಕು ಜನ ಹಿಡಿದು ತಿಪ್ಪೇಶನ ಟ್ರ್ಯಾಕ್ಟರಿಗೆ ಏರಿಸಿದೆವು. ಗಡಿಗೆ ಗಡಿಗೆ ಹೋಯಿತು. ಈ ಶ್ಲೇಷೆಗೆ ಇವತ್ತು ಯಾರೂ ನಗಲಿಲ್ಲ. ನಾನೂ ಜೋರಾಗಿ ಹೇಳಲಿಲ್ಲ.

ಉಳಿದ ಬಿತ್ತನೆ ಕಾಯಿ ಇಡಲು ಜಾಗವಿಲ್ಲ. "ನಿಮ್ ಪೆಟ್ಟಿಗೆ ಖಾಲಿ ಐತಾ ಅಳಿಯಂದ್ರೇ?" ಎಂದರು ಅತ್ತೆ. ಸೂಟ್‌ಕೇಸ್ ತೆಗೆದು ನೋಡಿದೆ. ಅಂಗಿಗಳೆಲ್ಲ ಯಾವಾಗಲೋ ಬೀರು ಸೇರಿವೆ. ಖಾಲಿ ಐತೆ ಎಂದು ಕೊಟ್ಟೆ. ಜಿಪ್ ಇರುವುದರಿಂದ ಇಲಿಯ ಕಾಟವಿಲ್ಲ, ಒಳ್ಳೆಯದೇ ಕದಾ.

ನವೆಂಬರ್ ೧೮

ಅಡಿಗೆಮನೆಯ ತಿರುವಿನಲ್ಲಿ ಇವತ್ತೂ ಪಕ್ಕಕ್ಕೆ ಸರಿದು ನಡೆದೆ. ಅಲ್ಲಿ ನೆಲದ ಮೇಲೆ ಒಂದು ದುಂಡನೆಯ ಗುರುತು ಮಾತ್ರ ಇದೆ. ಅತ್ತೆ ಗುಡಿಸುವಾಗ ಅದನ್ನು ಬಿಟ್ಟು ಸುತ್ತ ಗುಡಿಸುತ್ತಾರೆ.

ಡಿಸೆಂಬರ್ ೯

ಪಾವಗಡದ ಕಾಲೇಜಿನಲ್ಲಿ ಒಬ್ಬರು ರಜೆ ಹೋಗಿದ್ದಾರಂತೆ, ಇತಿಹಾಸ ತೆಗೆದುಕೊಳ್ಳುತ್ತೀರಾ ಎಂದರು. ಮತ್ತೆ ಅತಿಥಿ. ನಾಳೆಯಿಂದ ಬೆಳಗ್ಗೆ ಗಗನಾಳ ಬೈಕಿನಲ್ಲೇ ಹೋಗಬಹುದು. ಕೊರಟಗೆರೆಗೆ ಫೋನು ಮಾಡಬೇಕು, ಮರೆಯುತ್ತಲೇ ಇದ್ದೇನೆ.

ಜನವರಿ ೧೬

ಹಬ್ಬದ ಎರಡನೆಯ ದಿನ. ಟ್ರ್ಯಾಕ್ಟರ್ ಸದ್ದು. ಹೊರಗೆ ಬಂದರೆ ತಿಪ್ಪೇಶ್, ಹಿಂದೆ ಹುಲ್ಲಿನ ನಡುವೆ ನಮ್ಮ ಗಡಿಗೆ, ಬಾಯಿಗಂಟ ತೊಗರಿ.

"ಇದೇನೋ ಇದು?" ಎಂದು ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು.

ತಿಪ್ಪೇಶ್ ಅತ್ತೆಯನ್ನು ಬಿಟ್ಟು ನನ್ನನ್ನು ದುರುಗುಟ್ಟಿದ. "ಎಲ್ಲಾ ಈಯನ ಉಪನ್ಯಾಸ ವದಿನಾ. ಅಂಗಳದಾಗೆ ಚೆಂದಾಗಿ ಇಟ್ಟಿದ್ದೆ. ಅಮ್ಮಂಗೆ ಸಮಾಧಾನ ಇಲ್ಲ. 'ಇದು ನಮ್ದಲ್ಲ ಅಂತ ಅಳಿಯನೇ ಅಂದವ್ನೆ, ಬ್ಯಾರೇರ ಸಾಮಾನು ಎಷ್ಟು ದಿನ ಇಟ್ಕಮಾದು? ಶಿರಾದೋರು ಎಲ್ಲವ್ರೋ ಗೊತ್ತಿಲ್ಲ, ಚನ್ನಮಲ್ಲಮ್ಮನಾದ್ರೂ ಗೊತ್ತು, ಅಲ್ಲಿಗೇ ಕೊಡು' ಅಂತಾಳೆ. ಖಾಲಿ ತರಾಕೆ ಬುಡ್ತಾಳಾ? ಅರ್ಧ ತೊಗರಿ ಇದ್ರಾಗೇ ಐತೆ!"

"ಅಂಗಾದ್ರೆ ಮುಂದಿನ ಕಡ್ಲೆಕಾಯಿಗೆ ನಮ್ ಸರದಿ," ಎಂದರು ಅತ್ತೆ. ನಗು ಕಣ್ಣಿಗೇ ಬಂದಿತ್ತು.

"ನಾನ್ ಸತ್ತೆ" ಎಂದ ತಿಪ್ಪೇಶ್. ಆದರೆ ಒಬ್ಬಟ್ಟು ತಿನ್ನಲು ಕೂತ.

ತೊಗರಿ ಬರಿದು ಮಾಡಿ ಗಡಿಗೆಯನ್ನು ಆ ದುಂಡು ಗುರುತಿನ ಮೇಲೆ ಇಟ್ಟೆವು. ಒಂದು ಬೆರಳಷ್ಟೂ ಆಚೀಚೆ ಆಗದೆ ಕೂತಿತು. ಅತ್ತೆ ಕೂಗಬಹುದೆಂದು ನಾನು ಬಾಗಿಲ ಕಡೆ ತಿರುಗಿದೆ. ಅವರು ಕೂಗಲಿಲ್ಲ.

"ಏ, ನಂದು ಮುಗ್ದದೆ ಬುಡಿ," ಎಂದರು. "ನೀವು ಬಂದು ಇಷ್ಟು ದಿನ ಆಯ್ತು, ಒಂದ್ಸಲಾನೂ ಕೂಗ್ಲಿಲ್ವಲ್ಲ. ಕೂಗಿ."

ಅಳಿಯ, ಅದೂ ಎಂ.ಎ. ಆದರೂ ತಲೆ ಹಾಕಿದೆ. ಒಳಗೆ ತಂಪು, ತೊಗರಿಯ ಧೂಳು, ಅದರಡಿಯಲ್ಲಿ ಹಳೆಯ ಕಡ್ಲೆಕಾಯಿಯ ವಾಸನೆ.

"ಬರಗೂರೂ..." ಎಂದು ಕೂಗಿದೆ.

ಗಡಿಗೆ ಬರವನ್ನು ನುಂಗಿಕೊಂಡು ಉಳಿದದ್ದನ್ನು ಕೊಟ್ಟಿತು: "...ಊರೂ."

ಯಾವ ಊರು ಎಂದು ಹೇಳಲಿಲ್ಲ. ಅಷ್ಟರಲ್ಲಿ ಅಡಿಗೆಮನೆಗೆ ಹೋಗಿದ್ದ ಅತ್ತೆ ಊಟಕ್ಕೆ ಕರೆದರು, ಬಂದೆ ಎಂದೆ.